ಕಂಪ್ಲಿಯ ರಾಜಕುಮಾರ, ದಿಲ್ಲಿಯ ಅಬೂ ಮುಸ್ಲಿಂ

ದಿಲ್ಲಿ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಕುಡಿಯುವ ನೀರಿಗೆ ಮೊಹರು ಒತ್ತುತ್ತಿದ್ದವನು ಯಾರು ಗೊತ್ತೆ? ನಮ್ಮ ಕಂಪ್ಲಿಯ ರಾಯನ ಮಗ! ವಿಷಕ್ಕೆ ಹೆದರುವ ದೊರೆ ತನ್ನ ಬಾಯಿಗೆ ಹೋಗುವ ನೀರನ್ನು ಎಂಥವನ ಕೈಗೆ ಒಪ್ಪಿಸುತ್ತಾನೆ, ಯೋಚಿಸಿ. ತಾನೇ ಕಳಿಸಿದ ದಂಡು ಯಾರ ತಂದೆಯನ್ನು ಕೊಂದು ಊರು ಹಾಳು ಮಾಡಿತೋ, ಅವನ ಕೈಗೆ!

ಕಟ್ಟುಕಥೆಯಲ್ಲ ಇದು. ಮೊರಾಕೊದಿಂದ ಬಂದು ತುಘಲಕನ ದಿಲ್ಲಿಯಲ್ಲಿ ಕಾಜಿಯಾಗಿದ್ದ ಇಬ್ನ್ ಬತೂತ ಬರೆಸಿಟ್ಟ ಮಾತು. ಸುಲ್ತಾನನ ಮೇಲೆ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಓಡಿಬಂದು ಕಂಪಿಲರಾಯನ ಮರೆಹೊಕ್ಕ. ರಾಯ ಕೊಟ್ಟ ಮಾತಿಗೆ ತಪ್ಪಲಿಲ್ಲ. 1327ರ ಹೊತ್ತಿಗೆ ದಿಲ್ಲಿಯ ದಂಡು ಕಂಪಿಲಿ ರಾಜ್ಯವನ್ನು ನೆಲಕ್ಕೆ ಕೆಡವಿತ್ತು. ಅರಮನೆಯ ಹೆಂಗಸರು ಬೆಂಕಿಗೆ ಹಾರಿದರು, ರಾಯ ಹೋರಾಡಿ ಸತ್ತ, ಅವನ 11 ಮಂದಿ ಗಂಡುಮಕ್ಕಳು ಸೆರೆಸಿಕ್ಕಿ ದಿಲ್ಲಿಗೆ ಹೋಗಿ ಮುಸಲ್ಮಾನರಾದರು. ಸುಲ್ತಾನ ಅವರನ್ನು ಅಮೀರರ ಸಾಲಿಗೆ ಸೇರಿಸಿದ. ಅವರಲ್ಲಿ ಮೂವರನ್ನು ಇಬ್ನ್ ಬತೂತ ಕಣ್ಣಾರೆ ಕಂಡ: ನಸ್ರ್, ಬಖ್ತಿಯಾರ್, ಮತ್ತು ನೀರಿನ ಮೊಹರಿನ ಅಬೂ ಮುಸ್ಲಿಂ. ಈ ಮೂರನೆಯವನ ಜೊತೆ ತನಗೆ ಗೆಳೆತನವಿತ್ತು ಎಂದೂ ಹೇಳುತ್ತಾನೆ.

ಅವರನ್ನು ತಾಯಿ ಏನೆಂದು ಕರೆಯುತ್ತಿದ್ದಳು? ಇಬ್ನ್ ಬತೂತ ಹೇಳುವುದಿಲ್ಲ. ನಾವಂತೂ ಅದೇ ರಾಯನ ಇನ್ನೊಬ್ಬ ಮಗ ಗಂಡುಗಲಿ ಕುಮಾರರಾಮನ ಗುಂಗಿನಲ್ಲೇ ಉಳಿದವರು. ಸತ್ತ ಮಗನ ಮೇಲೆ ಸಾಂಗತ್ಯ ಕಟ್ಟಿದೆವು, ಬಯಲಾಟ ಆಡಿದೆವು. ಬದುಕಿ ಉಳಿದ ಮಕ್ಕಳ ಬಗ್ಗೆ ಒಂದು ಪದವನ್ನೂ ಹಾಡಲಿಲ್ಲ. ಅವರು ನಮ್ಮವರಲ್ಲ ಎಂದು ತೀರ್ಮಾನವಾಗಿಹೋಗಿತ್ತು. ಕುಮಾರರಾಮನ ಕಥೆಯಲ್ಲೂ ಗುರುತಿನದ್ದೇ ಒಂದು ಪೇಚು ಇದೆ, ನೋಡಿ. ಚಿಕ್ಕತಾಯಿಯ ಚಾಡಿಗೆ ಕಿವಿಗೊಟ್ಟ ರಾಯ ಮಗನ ತಲೆ ತರಲು ಹೇಳಿದಾಗ, ಬೈಚಪ್ಪ ಮಂತ್ರಿ ರಾಮನನ್ನು ಬಚ್ಚಿಟ್ಟು ಬೇರೆ ರುಂಡ ತೋರಿಸುತ್ತಾನೆ. ಹೆತ್ತ ತಂದೆಯೇ ನಂಬುತ್ತಾನೆ!

ಮುಖ ಗುರುತಲ್ಲ, ಹೆಸರು ಗುರುತಲ್ಲ, ಊರು, ದೇವರು, ನುಡಿ ಎಲ್ಲವೂ ಬದಲಾಗಬಲ್ಲವು. ಹಾಗಾದರೆ ಕಂಪ್ಲಿಯಲ್ಲಿ ಆಡಿದ ಹುಡುಗನೂ ದಿಲ್ಲಿಯಲ್ಲಿ ಮೊಹರು ಹಿಡಿದ ಅಮೀರನೂ ಒಬ್ಬನೇ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ?

ಈಗ ಕಂಪ್ಲಿಯಿಂದ ಹೊಳೆಗುಂಟ ಮೇಲಕ್ಕೆ ಬನ್ನಿ. ಅದೇ ತುಂಗಭದ್ರೆ, ಅದೇ ಶತಮಾನ. ಹಂಪಿಯಲ್ಲಿ ಇಂದಿಗೂ ಅದ್ವೈತ ಯತಿ ವಿದ್ಯಾರಣ್ಯರ ಹೆಸರಿನ ಮಠವಿದೆ; ವಿರೂಪಾಕ್ಷನ ರಂಗಮಂಟಪದ ಮಾಳಿಗೆಯ ಚಿತ್ರದಲ್ಲಿ ಅವರು ಪಲ್ಲಕ್ಕಿಯಲ್ಲಿ ಸಾಗುತ್ತಿದ್ದಾರೆ. ಅವರ ಹೆಸರಿನಲ್ಲಿರುವ ‘ಪಂಚದಶೀ’ ಎಂಬ ವೇದಾಂತ ಗ್ರಂಥದಲ್ಲಿ (ಭಾರತೀತೀರ್ಥರ ಪಾಲೂ ಇದೆ ಎನ್ನುತ್ತದೆ ಪರಂಪರೆ) 15 ಅಧ್ಯಾಯಗಳು. ತೆರೆದರೆ ಸಿಗುವುದು ಇದೇ ಪ್ರಶ್ನೆ! ಎಲ್ಲ ಬದಲಾದ ಮೇಲೂ ‘ನಾನು’ ಎನ್ನುವುದು ಯಾವುದು?

ಏಳನೆಯ ಅಧ್ಯಾಯ ತೃಪ್ತಿದೀಪದಲ್ಲಿ ಹತ್ತು ಮಂದಿ ಹೊಳೆ ದಾಟುತ್ತಾರೆ. ದಡ ಸೇರಿ ತಲೆ ಎಣಿಸಿದವನಿಗೆ ಸಿಗುವುದು ಒಂಬತ್ತೇ. ಹತ್ತನೆಯವನು ಹೊಳೆ ಪಾಲಾದ ಎಂದು ಗೋಳು. ದಾರಿಹೋಕನೊಬ್ಬ ಬಂದು, ಹತ್ತನೆಯವನು ನೀನೇ ಅನ್ನುತ್ತಾನೆ. ಇಷ್ಟು ನಮ್ಮ ಅಜ್ಜಿಯರಿಗೂ ಗೊತ್ತು. ನಾನು ಬೆರಗಾದದ್ದು ಅದರ ಮುಂದಿನ ಮಾತಿಗೆ. ಅತ್ತು ಅತ್ತು ತಲೆ ಚಚ್ಚಿಕೊಂಡಿದ್ದನಲ್ಲ, ಆ ಗಾಯ? ಅಳು ಆ ಕ್ಷಣಕ್ಕೇ ನಿಂತಿತು, ತಲೆಯ ಗಾಯ ಮಾತ್ರ ಮೆಲ್ಲಗೆ ಒಂದು ತಿಂಗಳಿಗೆ ಮಾಯಿತು ಎನ್ನುತ್ತದೆ ಗ್ರಂಥ! ಆತ್ಮಜ್ಞಾನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಜ್ಞಾನದಲ್ಲೇ ಕಥೆ ಮುಗಿಸುತ್ತಾರೆ. ಇವರು ಗಾಯ ಆರುವ ತನಕ ಪಕ್ಕದಲ್ಲಿ ಕೂತಿದ್ದಾರೆ.

ಇನ್ನೂ ಇದೆ, ತಾಳಿ. ಹತ್ತನೆಯ ಅಧ್ಯಾಯದ ಹೆಸರು ನಾಟಕದೀಪ. ನಾಟ್ಯಶಾಲೆ. ಎದುರಿಗೆ ಕೂತ ಯಜಮಾನನೇ ಅಹಂಕಾರ. ಸಭಿಕರು ಎಂದರೆ ಹೊರಗಿನ ವಿಷಯಗಳು, ತಾಳ ಹಾಕುವವರು ಇಂದ್ರಿಯಗಳು, ಕುಣಿಯುವವಳು ಬುದ್ಧಿ. ಉರಿಯುವ ದೀಪ ಎಲ್ಲರನ್ನೂ ಸಮನಾಗಿ ಬೆಳಗುತ್ತದೆ. ಆಟ ಮುಗಿದು ಎಲ್ಲರೂ ಎದ್ದುಹೋದರೂ ಬೆಳಗುತ್ತಲೇ ಇರುತ್ತದೆ. ಆ ದೀಪವೇ ಸಾಕ್ಷಿ, ನೀನು. ‘ನಾನು ನಾನು’ ಎಂದು ಜಂಬದಿಂದ ಮುಂದೆ ಕೂತವನಲ್ಲ!

ಇಲ್ಲಿಂದ ಸ್ಕಾಟ್ಲೆಂಡಿಗೆ ಜಿಗಿಯೋಣ. ವರ್ಷ 1739. ಡೇವಿಡ್ ಹ್ಯೂಮ್ ಎಂಬ ಯುವಕ ತನ್ನ ಮೊದಲ ಗ್ರಂಥದಲ್ಲಿ ಇದೇ ಪ್ರಶ್ನೆಗೆ ಕೈಹಾಕುತ್ತಾನೆ. ಒಳಗೆ ಇಣುಕಿದಾಗಲೆಲ್ಲ ಬಿಸಿಯೋ ತಂಪೋ, ಪ್ರೀತಿಯೋ ದ್ವೇಷವೋ ಸಿಗುತ್ತದೆಯೇ ಹೊರತು ‘ನಾನು’ ಸಿಗುವುದಿಲ್ಲ ಎನ್ನುತ್ತಾನೆ. ಆಮೇಲೆ ಮನಸ್ಸನ್ನು ಯಾವುದಕ್ಕೆ ಹೋಲಿಸುತ್ತಾನೆ ಹೇಳಿ? ನಾಟಕಶಾಲೆಗೆ! ಅನುಭವಗಳು ಬರುತ್ತವೆ, ಸುಳಿಯುತ್ತವೆ, ಬೆರೆಯುತ್ತವೆ, ಹೋಗುತ್ತವೆ. ಬೆನ್ನಿಗೇ ಎಚ್ಚರಿಸುತ್ತಾನೆ: ಹೋಲಿಕೆ ನಂಬಿ ಮೋಸಹೋಗಬೇಡಿ, ಪಾತ್ರಗಳಷ್ಟೇ ಇರುವುದು, ಅವು ನಿಂತ ಶಾಲೆ ಎಂಥದೆಂದು ನಮಗೆ ಗೊತ್ತಿಲ್ಲ.

ಒಂದೇ ಪ್ರಶ್ನೆ, ಒಂದೇ ನಾಟಕಶಾಲೆ, ನಡುವೆ ಸುಮಾರು ನಾಲ್ಕು ಶತಮಾನ! ಹಂಪಿಯ ಯತಿಗೆ ದೀಪ ಕಂಡಿತು, ಸ್ಕಾಟ್ಲೆಂಡಿನವನಿಗೆ ಕಾಣಲಿಲ್ಲ. ಹ್ಯೂಮ್ ನೋಡಿದ್ದು ಸರಿಯಾಗಿಯೇ, ಆದರೆ ನೋಡುತ್ತಿದ್ದದ್ದು ಯಾವುದು ಎಂದು ವಿದ್ಯಾರಣ್ಯರಾದರೆ ಕೇಳುತ್ತಿದ್ದರು. ಒಂಬತ್ತನ್ನು ಎಣಿಸಿದವನು ಯಾರಪ್ಪಾ? ಹ್ಯೂಮ್ ಸುಮ್ಮನೆ ಬಿಡುವವನಲ್ಲ. ಆ ದೀಪವನ್ನು ಬೇರೆಯಾಗಿ ತೋರಿಸಿ ಅನ್ನುತ್ತಿದ್ದ. ಈ ಜಗಳದಲ್ಲಿ ನಾನು ದೀಪದ ಕಡೆ. ಹಾಗೆಂದು ಹ್ಯೂಮನ ಮಾತಿಗೆ ಉತ್ತರ ಕೊಟ್ಟಾಯಿತು ಎಂದು ಹೇಳುವ ಧೈರ್ಯ ನನಗಿಲ್ಲ.

ಕಂಪ್ಲಿಯ ಸೆರೆಯಾಳುಗಳನ್ನು ನೆನೆದೇ ಪಂಚದಶೀ ಬರೆದರು ಎನ್ನಲು ಆಧಾರವಿಲ್ಲ, ಎರಡನ್ನೂ ಕೂಡಿಸಿದವನು ನಾನು. ಆದರೆ ಹರಿಹರ–ಬುಕ್ಕರೂ ಕಂಪಿಲಿಯಿಂದ ಸೆರೆಯಾಗಿ ದಿಲ್ಲಿಗೆ ಹೋಗಿ, ಮತಾಂತರಗೊಂಡು, ಮರಳಿ ಬಂದು ವಿಜಯನಗರ ಕಟ್ಟಿದರು ಎಂಬ ಕಥನವೊಂದಿದೆ. ಇತಿಹಾಸಕಾರರು ಅದರ ಮೇಲೆ ಇನ್ನೂ ಕಾದಾಡುತ್ತಿದ್ದಾರೆ. ಹೆಸರು, ಮತ, ಒಡೆಯ ಎಲ್ಲವೂ ರಾತ್ರೋರಾತ್ರಿ ಬದಲಾಗಬಹುದಾಗಿದ್ದ ಕಾಲ ಅದಾಗಿತ್ತು ಎಂಬುದರಲ್ಲಿ ಜಗಳವಿಲ್ಲ.

ಓದುವ ಮನಸ್ಸಿದ್ದರೆ ಮೊದಲ ಅಧ್ಯಾಯದಿಂದ ಶುರುಮಾಡಬೇಡಿ, ಪರಿಭಾಷೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ತೃಪ್ತಿದೀಪದ 298 ಶ್ಲೋಕಗಳೂ ಆಮೇಲಿರಲಿ. ನಾಟಕದೀಪ ತೆಗೆಯಿರಿ. ಇರುವುದು 26 ಶ್ಲೋಕ.