ಉರಿ ಏರಿದರೂ ಪಾದರಸ ಏರದ ಹೊತ್ತು

ಆದವಾನಿಯ ಹೆಸರು ನಮ್ಮ ಹಿರಿಯ ವಾಚಕರಿಗೆ ಹೊಸದಲ್ಲ. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದುವು. ಮೂರು ವರ್ಷ ಕಳೆದು, 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳದ ಪಾಲಾಯಿತು. ಹಣೆಬರಹ ಹೆಚ್ಚುಕಡಿಮೆ ಒಂದೇ. ಹವೆ ಮಾತ್ರ ಒಂದಕ್ಕೊಂದು ತಾಳೆಯಿಲ್ಲದ್ದು. ಇಂದು ನಾವು ಬರೆಯ ಹೊರಟಿರುವುದು ರಾಜಕೀಯವನ್ನಲ್ಲ, ಆ ಹವೆಯನ್ನೂ ಒಲೆಯನ್ನೂ ಕುರಿತು.

ಆದವಾನಿಯಲ್ಲಿ ಬೆಳಗ್ಗಿನ ತಿಂಡಿಯೆಂದರೆ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಬಳ್ಳಾರಿಯವರು ಇದನ್ನೇ ಮಂಡಕ್ಕಿ ಒಗ್ಗರಣೆ ಎನ್ನುತ್ತಾರೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ-ಹಸಿಮೆಣಸಿನ ಒಗ್ಗರಣೆಗೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿದರೆ ಮುಗಿಯಿತು. ಈ ಹಗುರವಾದ ಕಾಳು ಹುಟ್ಟುವುದು ಹೇಗೆಂದು ತಿನ್ನುವಾಗ ಯಾರೂ ಯೋಚಿಸುವುದಿಲ್ಲ.

ಮಂಡಕ್ಕಿ ಭಟ್ಟಿಯಲ್ಲಿ ಬಾಣಲೆಯ ತುಂಬ ಮರಳು ಕೆಂಡದಂತೆ ಕಾದಿರುತ್ತದೆ. ಕುಚ್ಚಿ, ಒಣಗಿಸಿ, ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಅದರಲ್ಲಿ ಸುರಿದು ಕೈಯಾಡಿಸಿದರೆ ಕೆಲವೇ ಕ್ಷಣಗಳಲ್ಲಿ ಕಾಳು ಉಬ್ಬುತ್ತದೆ. ಜರಡಿಯಲ್ಲಿ ಮರಳು ಕೆಳಗಿಳಿದು ಮಂಡಕ್ಕಿ ಮೇಲುಳಿಯುತ್ತದೆ. ಇಲ್ಲಿ ಕೆಲಸ ಮಾಡಿದ್ದು ಕಾಳಿನೊಳಗೆ ಉಳಿದಿದ್ದ ಚೂರು ನೀರು. ಮರಳಿನ ಬಿಸಿಗೆ ಆ ನೀರು ಒಮ್ಮೆಲೇ ಆವಿಯಾಗುತ್ತದೆ. ಬಯಲಿನಲ್ಲಾದರೆ ಒಂದು ಪಾಲು ನೀರು ಸುಮಾರು 1,700 ಪಾಲು ಜಾಗ ಬೇಡುವ ಆವಿಯಾಗುವುದು. ಕಾಳಿನೊಳಗೆ ಅಷ್ಟು ಜಾಗ ಎಲ್ಲಿದೆ? ಮೆತ್ತಗಾದ ಪಿಷ್ಟವನ್ನು ಅದು ಹೊರಕ್ಕೆ ದಬ್ಬುತ್ತದೆ. ಅದೇ ಅಕ್ಕಿಯನ್ನು ಸಣ್ಣ ಉರಿಯಲ್ಲಿ ನಿಧಾನವಾಗಿ ಹುರಿದರೆ ಆವಿ ಮೆಲ್ಲಗೆ ಸೋರಿಹೋಗಿ ಕಾಳು ಕೆಂಪಗೆ ಸೀಯುತ್ತದೆಯೇ ಹೊರತು ಅರಳುವುದಿಲ್ಲ.

ನೀರು ಆವಿಯಾಗುವ ಈ ಘಟ್ಟ ಮಾತ್ರ ಬಲು ದುಬಾರಿಯದು. ಶಾಲೆಯ ಮಕ್ಕಳು ಬಿಡಿಸುವ ನಕ್ಷೆಯೊಂದಿದೆ: ಅಡ್ಡಕ್ಕೆ ಕೊಟ್ಟ ಶಾಖ, ಉದ್ದಕ್ಕೆ ಉಷ್ಣತೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಒಂದು ಗ್ರಾಂ ಮಂಜುಗಡ್ಡೆಯನ್ನು ಕಾಸತೊಡಗಿದಿರೆನ್ನಿ. ಸೊನ್ನೆ ಡಿಗ್ರಿ ಮುಟ್ಟಲು 5 ಕ್ಯಾಲೊರಿ ಸಾಕು. ಅಲ್ಲಿ ಗೆರೆ ನೆಟ್ಟಗೆ ಮಲಗಿಬಿಡುತ್ತದೆ. 80 ಕ್ಯಾಲೊರಿ ಸುರಿದರೂ ಪಾದರಸ ಕದಲುವುದಿಲ್ಲ, ಗಡ್ಡೆ ಕರಗುತ್ತದೆ ಅಷ್ಟೆ. ಮುಂದೆ 100 ಡಿಗ್ರಿಯ ತನಕ ಏರಲು 100 ಕ್ಯಾಲೊರಿ. ಅಲ್ಲಿ ಮತ್ತೆ ಗೆರೆ ಮಲಗುತ್ತದೆ, ಈ ಬಾರಿ 540 ಕ್ಯಾಲೊರಿಯ ಉದ್ದಕ್ಕೆ. ಒಟ್ಟು 725ರಲ್ಲಿ 620 ಕ್ಯಾಲೊರಿ, ಅಂದರೆ ನೂರಕ್ಕೆ 85ಕ್ಕೂ ಮಿಕ್ಕಿದ ಪಾಲು, ಪಾದರಸಕ್ಕೆ ಗೊತ್ತೇ ಆಗದಂತೆ ಖರ್ಚಾಗಿದೆ! ಆ ಶಾಖ ಕಣಗಳ ಪರಸ್ಪರ ಹಿಡಿತವನ್ನು ಬಿಡಿಸಲು ಹೋಯಿತು.

ಇದನ್ನು ಲೆಕ್ಕವಿಟ್ಟು ತೋರಿಸಿದವನು ಜೋಸೆಫ್ ಬ್ಲ್ಯಾಕ್. 1760ರ ದಶಕದ ಆರಂಭದಲ್ಲಿ ಆತ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕ. ಒಂದೇ ಉರಿಯ ಮೇಲೆ ನೀರಿಟ್ಟು, ಕುದಿಯಲು ಹಿಡಿದ ಹೊತ್ತಿನ ಸುಮಾರು ಐದು ಪಾಲು ಹೊತ್ತು ಅದು ಪೂರ್ತಿ ಬತ್ತಲು ಬೇಕೆಂದು ಕಂಡ. ಬೇಕಾದ ಸಾಮಾನೆಂದರೆ ಒಲೆ, ಪಾತ್ರೆ, ಗಡಿಯಾರ. ಈ ಅಡಗಿದ ಶಾಖಕ್ಕೆ ಕನ್ನಡದಲ್ಲಿ ಗುಪ್ತೋಷ್ಣವೆಂದು ಹೆಸರು. ತೆಲುಗು ಪುಸ್ತಕದಲ್ಲಿಯೂ ಅದು ಗುಪ್ತೋಷ್ಣವೇ; ಮಲಯಾಳದಲ್ಲಿ ಲೀನತಾಪ. ಹಾಗಾಗಿ ಆದವಾನಿಯ ಕನ್ನಡ ಹುಡುಗನಿಗೆ ಮನೆಯ ಭಾಷೆಯಿಂದ ಪೇಟೆಯ ಭಾಷೆಗೆ ದಾಟಲು ಇಲ್ಲೊಂದು ಸಲೀಸು. ನಮ್ಮ ಮಕ್ಕಳು ಎರಡು ಶಬ್ದ ಕಲಿಯಬೇಕು. ಕಲಿತರೆ ನಷ್ಟವೇನೂ ಇಲ್ಲವೆನ್ನಿ.

ಅಡುಗೆಮನೆಗೆ ಬರೋಣ. ಕುಚ್ಚಲಕ್ಕಿ ಗಂಜಿ ಒಮ್ಮೆ ಕುದಿ ಹತ್ತಿದ ಮೇಲೆ ಉರಿಯನ್ನು ದೊಡ್ಡದು ಮಾಡಿದರೆ ಅನ್ನ ಬೇಗ ಬೇಯುತ್ತದೆಂದು ನಂಬಿದವರು ಇಂದಿಗೂ ಇದ್ದಾರೆ. ಕುದಿಯುವ ನೀರು 100 ಡಿಗ್ರಿ ದಾಟದು; ಹೆಚ್ಚಿನ ಉರಿ ನೀರನ್ನು ಹಬೆ ಮಾಡಿ ಮಾಡಿಗೆ ಅಟ್ಟುತ್ತದೆ, ಗ್ಯಾಸು ಮುಗಿಯುತ್ತದೆ. ಕುದಿ ನಿಲ್ಲದಷ್ಟು ಸಣ್ಣ ಉರಿ ಸಾಕು. ಪ್ರೆಶರ್ ಕುಕ್ಕರಿನ ಗುಟ್ಟೇ ಬೇರೆ: ಒತ್ತಡ ಕುದಿಯುವ ಮಟ್ಟವನ್ನೇ 120 ಡಿಗ್ರಿಯ ಆಸುಪಾಸಿಗೆ ಎತ್ತುತ್ತದೆ.

ನಕ್ಷೆಯ ಗೆರೆ ಎಲ್ಲ ವಸ್ತುವಿಗೂ ಹೀಗೆ ಚಪ್ಪಟೆಯಾಗಿ ಮಲಗುವುದಿಲ್ಲ. ಧನುರ್ಮಾಸದ ಬೆಳಗ್ಗೆ ನಮ್ಮ ಮನೆಗಳ ಕುಪ್ಪಿಯಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿರುತ್ತದೆ. 24-25 ಡಿಗ್ರಿಯ ಸುಮಾರಿಗೆ ಕರಗುವ ಅದು ಹಲವು ಕೊಬ್ಬುಗಳ ಮಿಶ್ರಣವಾದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಇಳಿಜಾರಿನಲ್ಲಿ ಕರಗುತ್ತದೆ. ಆದವಾನಿಯವರ ಕಡಲೆಕಾಯಿ ಎಣ್ಣೆ ಅಂಥ ಚಳಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅವರಿಗೆ ಈ ತಾಪತ್ರಯವಿಲ್ಲ.

ಅವರ ತಾಪತ್ರಯ ಬೇಸಿಗೆಯದು. ಮೇ ತಿಂಗಳಲ್ಲಿ ಅಲ್ಲಿ 42 ಡಿಗ್ರಿ ಅಪರೂಪವಲ್ಲ. ಆದರೂ ಮಣ್ಣಿನ ಗಡಿಗೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಗಡಿಗೆಯ ಮೈಯಿಂದ ಒಸರಿದ ನೀರು ಒಣಗಾಳಿಗೆ ಆರುವಾಗ ತನಗೆ ಬೇಕಾದ ಗುಪ್ತೋಷ್ಣವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಗಾಳಿಯ ತೇವ ನೂರಕ್ಕೆ 20ರಷ್ಟಿದ್ದರೆ 42 ಡಿಗ್ರಿಯ ಬಿಸಿಲಿನಲ್ಲೂ ಆರುವಿಕೆಯಿಂದ 24ರ ಹತ್ತಿರಕ್ಕೆ ಇಳಿಯಲು ಸಾಧ್ಯ. ನಮ್ಮಲ್ಲಿ 34 ಡಿಗ್ರಿ, ತೇವ 75 ಇದ್ದ ದಿನ ಎಂಥ ಗಡಿಗೆಯಾದರೂ 30ಕ್ಕಿಂತ ಕೆಳಗಿಳಿಸಲಾರದು. ಆದವಾನಿಯಿಂದ ತಂದ ಗಡಿಗೆಯೂ ಇಲ್ಲಿ ಸೋಲುತ್ತದೆ, ತಪ್ಪು ಕುಂಬಾರನದಲ್ಲ.

ನಮ್ಮ ಮೈಯೂ ಒಂದು ಗಡಿಗೆಯೇ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆರಿದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖ ಮೈಬಿಟ್ಟು ಹೋಗುತ್ತದೆ. ಅಷ್ಟು ಶಾಖದಲ್ಲಿ 30 ಡಿಗ್ರಿಯ ಎಂಟು ಲೀಟರ್ ನೀರನ್ನು ಕುದಿಸಬಹುದು. ಆದರೆ ಬೆವರು ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಕವಡೆಯಷ್ಟೂ ತಂಪಿಲ್ಲ, ನೀರೂ ಉಪ್ಪೂ ಹೋದದ್ದೇ ಬಂತು.

ಕೋಸಿಗಿ, ಮಂತ್ರಾಲಯದ ಕಡೆಯ ಕೂಲಿಕಾರರು ಮಳೆಯಿಲ್ಲದ ತಿಂಗಳುಗಳಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಗುಂಟೂರಿನತ್ತ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಅವರ ಬಾಯಲ್ಲಿ ಅದು ‘ಸುಗ್ಗಿ’. ನಮ್ಮ ಶಬ್ದವೇ, ಆದರೆ ಅರ್ಥ ಎಷ್ಟು ಬದಲಾಗಿದೆ ನೋಡಿ. ಒಣ ಬಿಸಿಲಿನಲ್ಲಿ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುವುದರಿಂದ ಎಷ್ಟು ನೀರು ಕಳೆಯಿತೆಂಬ ಅಂದಾಜು ಸಿಗದು. ಅಲ್ಲಿಯ ಅಪಾಯ ಅದು. ನಮ್ಮ ಅಡಿಕೆ ತೋಟದಲ್ಲಿ, ಕಲ್ಲುಕೋರೆಯಲ್ಲಿ ದುಡಿಯುವವನ ಅಪಾಯ ತಿರುಗುಮುರುಗು: ಬೆವರು ಕಾಣುತ್ತದೆ, ಆರುವುದಿಲ್ಲ. ‘ಮೂವತ್ನಾಲ್ಕೇ ಅಲ್ಲವೇ’ ಎಂದು ಪಾದರಸವನ್ನು ನಂಬಿ ಮಟಮಟ ಮಧ್ಯಾಹ್ನ ದುಡಿದವನು ತಲೆಸುತ್ತಿ ಬೀಳುವುದು ಇದರಿಂದಲೇ. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಿನ ಕೆಲಸ ನಿಲ್ಲಿಸುವಂತೆ ಆದೇಶ ಹೊರಡಿಸುತ್ತ ಬಂದಿದೆ. ಮನೆಗೆ ಕೆಲಸಕ್ಕೆ ಬಂದವರಿಗೂ ಅದನ್ನು ಪಾಲಿಸಿರಿ. ಉಪ್ಪು ಹಾಕಿದ ಮಜ್ಜಿಗೆನೀರು ಕೊಡಿರಿ. ತಲೆಸುತ್ತು ಎಂದವರನ್ನು ನೆರಳಿಗೆ ತಂದು, ಮೈ ಒದ್ದೆ ಮಾಡಿ, ಬಿಡದೆ ಗಾಳಿ ಬೀಸಿರಿ. ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹುಯ್ಯಬೇಡಿ, ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಿರಿ.