ನಮೂದು ಯಾರದು, ದಿನಾಂಕ ಯಾವುದು?

ಮಾರ್ಚ್ 31ರ ರಾತ್ರಿ 11.30ಕ್ಕೆ ಸೇಡಂನ ದೊಡ್ಡ ವಿತರಣಾ ಸಂಸ್ಥೆಯೊಂದರಲ್ಲಿ ಗುಮಾಸ್ತರೊಬ್ಬರು ಗಣಕಯಂತ್ರಕ್ಕೆ ಲಾಗಿನ್ ಆದರೆಂದು ಭಾವಿಸೋಣ. ಶಹಾಬಾದಿನ ಕಲ್ಲಿನ ಘಟಕದ ಬಿಲ್ಲನ್ನು ಅವರು ನಮೂದಿಸುವಾಗ 12.20 ಆಗಿದೆ. ಆದರೂ ಯಂತ್ರ ಅದಕ್ಕೆ ಮಾರ್ಚ್ 31 ಎಂದೇ ಮುದ್ರೆಯೊತ್ತಬಹುದು. ಹೊಸ ವರ್ಷದ ನಮೂದು ಹಳೆಯ ವರ್ಷದ ಖಾತೆಗೆ ಸೇರುತ್ತದೆ. ಚಿತ್ತಾಪುರದ್ದಾಗಲಿ ಚಿಂಚೋಳಿಯದ್ದಾಗಲಿ, ಪೂರೈಕೆದಾರರ ಬಾಕಿ ತಾಳೆಯಾಗದಿರಲು ಇಷ್ಟು ಸಾಕು.

ಐ.ಬಿ.ಎಂ. ಸಂಸ್ಥೆ 1988ರಲ್ಲಿ ಹೊರತಂದ ಎ.ಎಸ್./400, ಇಂದು ಐ.ಬಿ.ಎಂ. ಐ ಎಂಬ ಹೆಸರಿನಲ್ಲಿ ಮುಂದುವರಿದಿರುವ ಮಧ್ಯಮ ಗಾತ್ರದ ವ್ಯವಸ್ಥೆ. ಅದರಲ್ಲಿ ನಡೆಯುವುದೆಲ್ಲವೂ ಒಂದೊಂದು ‘ಜಾಬ್’. ವಾಡಿ ಜಂಕ್ಷನ್ನಿನಿಂದ ಸರಕು ಕಳಿಸುವವರಿಗೆ ರೈಲ್ವೆ ರಸೀದಿ ಪರಿಚಿತ. ಊರಿನ ಹೆಸರೊಂದರಿಂದ ಸರಕನ್ನು ಗುರುತಿಸಲಾಗದು, ಸಂಖ್ಯೆಯೂ ಬೇಕು. ಜಾಬಿನ ಗುರುತೂ ಹಾಗೆಯೇ: ಆರು ಅಂಕಿಗಳ ಸಂಖ್ಯೆ, ಬಳಕೆದಾರನ ಹೆಸರು, ಜಾಬಿನ ಹೆಸರು. ಸಂಖ್ಯೆ 999999 ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಎಣಿಕೆಯಾಗುವುದರಿಂದ ಅದರ ಜೊತೆ ದಿನಾಂಕ, ವೇಳೆಗಳನ್ನೂ ಬರೆದಿಡಬೇಕು.

ಈ ವಿವರಗಳನ್ನು ಗುಮಾಸ್ತರು ಟೈಪು ಮಾಡಬೇಕಿಲ್ಲ, ಮಾಡಕೂಡದು ಕೂಡ. ‘ಆರ್‌ಟಿವಿ-ಜಾಬ್-ಎ’ ಎಂಬ ಆಜ್ಞೆಯಿಂದ ಪ್ರೋಗ್ರಾಮು ತನ್ನದೇ ಜಾಬಿನ ವಿವರಗಳನ್ನು ಪಡೆಯುತ್ತದೆ. ಬೇರೆ ಜಾಬಿನ ವಿವರ ಬೇಕಿದ್ದರೆ ‘ಕ್ಯು-ಯುಎಸ್‌ಆರ್-ಜಾಬ್-ಐ’ ಎಂಬ ಎ.ಪಿ.ಐ. ಇದೆ.

ಎಡವುವುದು ಎರಡು ಕಡೆ. ಈ ಆಜ್ಞೆ ಕೊಡುವ ದಿನಾಂಕ ಜಾಬಿನದು, ಗಡಿಯಾರದ್ದಲ್ಲ. ಜಾಬ್ ಆರಂಭವಾದಾಗ ನಿಗದಿಯಾದ ದಿನಾಂಕ ಮಧ್ಯರಾತ್ರಿ ಕಳೆದರೂ ಬದಲಾಗುವುದಿಲ್ಲ. ಹಳೆಯ ಆರ್.ಪಿ.ಜಿ. ಪ್ರೋಗ್ರಾಮುಗಳ ‘ಯುಡೇಟ್’ ಸಹ ಜಾಬಿನ ದಿನಾಂಕವನ್ನೇ ಹಿಡಿಯುತ್ತದೆ. ನಮೂದಿನ ವೇಳೆಗೆ ವ್ಯವಸ್ಥೆಯ ದಿನಾಂಕವನ್ನೇ ಕೇಳಬೇಕು.

ಇನ್ನೊಂದು ಹೆಚ್ಚು ಗಂಭೀರವಾದುದು. ಮೇಜಿನ ಪಿ.ಸಿ.ಯಿಂದ ಒ.ಡಿ.ಬಿ.ಸಿ. ಮೂಲಕ ನಮೂದು ಬಂದರೆ ಜಾಬಿನ ಗುರುತಿನಲ್ಲಿ ಸಾಮಾನ್ಯವಾಗಿ ‘ಕ್ಯು-ಯೂಸರ್’ ಎಂಬ ಒಂದೇ ಹೆಸರು ಕಾಣುತ್ತದೆ, ಹತ್ತು ಜನ ಕೆಲಸ ಮಾಡಿದ್ದರೂ! ನಿಜವಾದ ವ್ಯಕ್ತಿ ‘ಪ್ರಸ್ತುತ ಬಳಕೆದಾರ’ ಎಂಬ ಪ್ರತ್ಯೇಕ ವಿವರದಲ್ಲಿರುತ್ತಾನೆ. ಅದನ್ನು ಪಡೆಯದ ಪ್ರೋಗ್ರಾಮಿನ ದಾಖಲೆಯಿಂದ ಲೆಕ್ಕಪರಿಶೋಧಕರಿಗೆ ಯಾವ ಉಪಯೋಗವೂ ಇಲ್ಲ.

ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯೂ ದಿನಾಂಕಸಹಿತ ದಾಖಲಾಗಬೇಕು, ಆ ದಾಖಲೆಯನ್ನು ನಿಷ್ಕ್ರಿಯಗೊಳಿಸಲಾಗಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಜಾರಿಯಲ್ಲಿದೆ. ಪಾಲುದಾರಿಕೆ ಹಾಗೂ ಏಕಮಾಲೀಕತ್ವದ ಸಂಸ್ಥೆಗಳಿಗೆ ಅದು ಅನ್ವಯಿಸದು. ಆದರೆ ಅವರ ಬಿಲ್ಲುಗಳು ಸೇರುವುದು ಅನೇಕ ವೇಳೆ ಕಂಪನಿಗಳ ಖಾತೆಗೇ.

ತಂತ್ರಾಂಶ ಒದಗಿಸುವವರನ್ನು ಪರೀಕ್ಷಿಸಲು ಖರ್ಚಿಲ್ಲದ ಉಪಾಯವಿದೆ. ಅಭ್ಯಾಸದ ಲೈಬ್ರರಿಯಲ್ಲಿ ರಾತ್ರಿ 11.45ಕ್ಕೆ ಇಬ್ಬರು ಲಾಗಿನ್ ಆಗಲಿ, ಒಬ್ಬರು ಟರ್ಮಿನಲ್‌ನಿಂದ, ಒಬ್ಬರು ಪಿ.ಸಿ.ಯಿಂದ. 12.10ಕ್ಕೆ ತಲಾ ಒಂದು ವೋಚರ್ ನಮೂದಿಸಿ, ಬೆಳಿಗ್ಗೆ ಆ ಎರಡು ಸಾಲುಗಳ ಹೆಸರು, ದಿನಾಂಕಗಳನ್ನು ಓದಲಿ.