ಅಪ್ಪನ ಗೆರೆ, ಮಗನ ಬಣ್ಣ

ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ 1674ರಲ್ಲಿ ಇಬ್ಬರು ಚಿತ್ರಕಾರರಿಗೆ ವರ್ಷಕ್ಕೆ ತಲಾ 100 ಪೌಂಡ್ ಸಂಬಳ ಗೊತ್ತುಮಾಡಿದ. ಅಪ್ಪ ಸಮುದ್ರ ಕದನಗಳ ರೇಖಾಚಿತ್ರ ಬರೆಯಬೇಕು, ಮಗ ಅವನ್ನು ಬಣ್ಣಕ್ಕಿಳಿಸಬೇಕು. ಕೆಲಸದ ಹಂಚಿಕೆ ರಾಜಾಜ್ಞೆಯಲ್ಲೇ ಇತ್ತು. ಇಬ್ಬರ ಹೆಸರೂ ಒಂದೇ: ವಿಲೆಮ್ ವಾನ್ ಡಿ ವೆಲ್ಡೆ. ಇಬ್ಬರೂ ಡಚ್ಚರು. ಫ್ರೆಂಚ್ ಸೇನೆ 1672ರಲ್ಲಿ ಅವರ ನಾಡಿನ ಮೇಲೆ ಬಿದ್ದಾಗ ಅಲ್ಲಿ ಚಿತ್ರ ಕೊಳ್ಳುವವರೇ ಇಲ್ಲದಂತಾಯಿತು. ಆ ಚಳಿಗಾಲದಲ್ಲಿ ಅವರು ಇಂಗ್ಲೆಂಡ್ ಸೇರಿದರು. ಡಚ್ಚರೊಡನೆ ಇಂಗ್ಲೆಂಡ್ ಆಗ ಇನ್ನೂ ಯುದ್ಧದಲ್ಲಿತ್ತು!

ಕಡಲಿನ ಚಿತ್ರವನ್ನು ಇಂಗ್ಲಿಷರು ಆ ಕಾಲದಲ್ಲಿ ‘ಸೀ ಪೀಸ್’ ಎನ್ನುತ್ತಿದ್ದರು. ಇಂದು ‘ಸೀಸ್ಕೇಪ್’ ಎಂಬುದೇ ರೂಢಿ. ಹಳೆಯ ಹೆಸರು ಹಳೆಯ ಚಿತ್ರಗಳ ಜೊತೆಗಷ್ಟೇ ಉಳಿದಿದೆ. ಆ ಬಗೆಯ ಚಿತ್ರ ಇಂಗ್ಲೆಂಡಿನಲ್ಲಿ ಬೇರುಬಿಟ್ಟದ್ದು ಈ ಅಪ್ಪ ಮಕ್ಕಳಿಂದ. ಕೀರ್ತಿಯ ದೊಡ್ಡ ಪಾಲು ಮಗನಿಗೆ ಹೋಯಿತು. ನನ್ನ ಮನಸ್ಸು ಮಾತ್ರ ಅಪ್ಪನ ಕಡೆಗೇ ವಾಲುತ್ತದೆ.

1611ರಲ್ಲಿ ಲೈಡನ್ನಿನಲ್ಲಿ ಹುಟ್ಟಿದ ಈ ಹಿರಿಯ ಕದನವನ್ನು ಕೇಳಿ ತಿಳಿದು ಬರೆದವನಲ್ಲ. ಡಚ್ ನೌಕಾಪಡೆಯ ಬೆನ್ನಿಗೆ ಸಣ್ಣ ಹಾಯಿದೋಣಿಯಲ್ಲಿ ಹೋಗಿ, ಗುಂಡು ಹಾರುವ ಕಡೆಯೇ ಕುಳಿತು ಬರೆದವನು. ಡಚ್ ಅಡ್ಮಿರಲ್ ಟ್ರಾಂಪ್ ಸತ್ತ 1653ರ ಸ್ಖೆವೆನಿಂಗೆನ್ ಕದನದಲ್ಲೂ, ಇಂಗ್ಲಿಷರೊಡನೆ ನಡೆದ 1666ರ ನಾಲ್ಕು ದಿನಗಳ ಕಾದಾಟದಲ್ಲೂ ಅವನಿದ್ದ. ಹಾಳೆಗೆ ಹಾಳೆ ಅಂಟಿಸಿ ಉದ್ದ ಮಾಡಿ, ಯಾವ ಹಡಗು ಎಲ್ಲಿತ್ತು ಎಂದು ಅದರ ಮೇಲೆಯೇ ಗುರುತು ಹಾಕಿಕೊಳ್ಳುತ್ತಿದ್ದ. ಸ್ಖೆವೆನಿಂಗೆನ್ ಚಿತ್ರದ ಮುಂಭಾಗದಲ್ಲಿ ಒಂದು ಪುಟ್ಟ ದೋಣಿ ಇದೆ. ಅದರಲ್ಲಿ ಕುಳಿತು ಚಿತ್ರ ಬರೆಯುತ್ತಿರುವವನು ಅವನೇ. ನಾನು ಇದನ್ನು ಕಂಡೆ ಎಂದು ಸಾಕ್ಷಿಯ ರುಜು ಹಾಕಿದ ಹಾಗೆ.

ಮನೆಗೆ ಮರಳಿದ ಮೇಲೆ ಅವನು ಮಾಡುತ್ತಿದ್ದುದು ಇನ್ನೂ ಕಷ್ಟದ ಕೆಲಸ. ಬಿಳಿ ಬಣ್ಣ ಬಳಿದು ಸಿದ್ಧಮಾಡಿದ ಹಲಗೆಯ ಮೇಲೆ ಬರಿಯ ಲೇಖನಿ ಮತ್ತು ಶಾಯಿಯಿಂದ ಇಡೀ ಕದನವನ್ನು ಮೂಡಿಸುವುದು. ಹಾಯಿಯ ಮಡಿಕೆ, ಹಗ್ಗ, ಹಡಗಿನ ಹಿಂಬದಿಯ ಕೆತ್ತನೆ, ಫಿರಂಗಿ ಹೊಗೆ, ಎಲ್ಲವೂ ಕಪ್ಪು ಗೆರೆಗಳಲ್ಲೇ. ದೂರದಿಂದ ನೋಡಿದರೆ ಅಚ್ಚಿನ ಪಟ ಎನಿಸುತ್ತದೆ. ಹತ್ತಿರ ಹೋದರೆ ಒಂದೊಂದು ಗೆರೆಯ ಹಿಂದೆಯೂ ಹಡಗು ಕಟ್ಟುವವನಷ್ಟೇ ಹಡಗನ್ನು ಬಲ್ಲ ಕಣ್ಣಿದೆ.

ಮಗ ಹಿಡಿದದ್ದು ಗಾಳಿ ಮತ್ತು ಬೆಳಕಿನ ಜಾಡು. ಅವನು ಸೈಮನ್ ಡಿ ವ್ಲೀಗರ್ ಎಂಬ ಚಿತ್ರಕಾರನ ಶಿಷ್ಯ. ಥೇಮ್ಸ್ ನದಿಯ ಮುದಿ ಅಂಬಿಗನೊಬ್ಬ ಹೇಳಿದ್ದನ್ನು ಪಾದ್ರಿ ವಿಲಿಯಂ ಗಿಲ್ಪಿನ್ ಬರೆದಿಟ್ಟಿದ್ದಾನೆ: ಮಳೆಯಿರಲಿ ಬಿಸಿಲಿರಲಿ, ಈ ಚಿತ್ರಕಾರ ದೋಣಿ ಹತ್ತಿ ಹೋಗಿ, ದೊಡ್ಡ ನೀಲಿ ಕಾಗದದ ಮೇಲೆ ಕಪ್ಪು ಬಿಳುಪಿನಲ್ಲಿ ಆಕಾಶವನ್ನು ಬರೆದುಕೊಳ್ಳುತ್ತಿದ್ದನಂತೆ. ಅವನ ಕಡಲಿನ ಅರ್ಧ ಜೀವ ಮೋಡದಲ್ಲಿರುವುದು ಇದರಿಂದಲೇ.

ಇಬ್ಬರೂ ದುಡಿದದ್ದು ಗ್ರೀನಿಚ್‌ನಲ್ಲಿ ವಾಸ್ತುಶಿಲ್ಪಿ ಇನಿಗೊ ಜೋನ್ಸ್ ಕಟ್ಟಿದ ಕ್ವೀನ್ಸ್ ಹೌಸ್‌ನ ಕೆಳಗಿನ ಕೋಣೆಯೊಂದರಲ್ಲಿ. ಅಲ್ಲಿನ ಮೂರು ಕಿಟಕಿಗಳಿಗೆ ಬಾಗಿಲು ಹಾಕಿಸಲು ಹೊರಟ ಸರ್ಕಾರಿ ಆದೇಶವೂ ಉಳಿದಿದೆ. ಆ ಕಟ್ಟಡ ಈಗ ಮ್ಯೂಸಿಯಂ. ಸಾವಿರಕ್ಕೂ ಮಿಕ್ಕಿದ ಅವರ ರೇಖಾಚಿತ್ರಗಳು ಗ್ರೀನಿಚ್ ಸಂಗ್ರಹದಲ್ಲೇ ಇವೆ. ಅವರು ಬಂದು 350 ವರ್ಷವಾಯಿತೆಂದು 2023ರಲ್ಲಿ ಅಲ್ಲೇ ದೊಡ್ಡ ಪ್ರದರ್ಶನವೂ ನಡೆಯಿತು.

ಮಗ ತೀರಿಕೊಂಡದ್ದು 1707ರಲ್ಲಿ. ಸುಮಾರು ನೂರು ವರ್ಷದ ಮೇಲೆ ಬ್ರಿಜ್‌ವಾಟರ್ ಡ್ಯೂಕ್ ತನ್ನಲ್ಲಿದ್ದ ಅವನ ಬಿರುಗಾಳಿ ಚಿತ್ರವೊಂದಕ್ಕೆ ಜೋಡಿ ಬರೆದುಕೊಡಲು ತರುಣ ಇಂಗ್ಲಿಷ್ ಚಿತ್ರಕಾರ ಟರ್ನರ್‌ಗೆ ಹೇಳಿದ. 1801ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡ ಆ ಜೋಡಿ ಚಿತ್ರವೇ ‘ಬ್ರಿಜ್‌ವಾಟರ್ ಸೀ ಪೀಸ್’. ಟರ್ನರ್ ಹಳೆಯ ಚಿತ್ರದ ವಿನ್ಯಾಸವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎರಡು ದೋಣಿಗಳನ್ನು ಇನ್ನೇನು ಡಿಕ್ಕಿಯಾಗುವಷ್ಟು ಹತ್ತಿರ ತಂದ. ಹಿರಿಯನಿಗೆ ಸಲಾಂ ಹೊಡೆಯುತ್ತಲೇ ಸವಾಲೆಸೆದ ಆ ದಿಟ್ಟತನ ನನಗೆ ತುಂಬಾ ಇಷ್ಟ. ಮುಂದೆ ಟರ್ನರ್‌ನ ಅಭಿಮಾನಿ, ಕಲಾ ವಿಮರ್ಶಕ ರಸ್ಕಿನ್ ಡಚ್ಚರ ಕಡಲನ್ನು ಕಟುವಾಗಿ ಹಳಿದ. ಅದು ಅನ್ಯಾಯ. ಆ ದೋಣಿಗಳನ್ನು ಹೇಗೆ ನಿಲ್ಲಿಸಬೇಕೆಂದು ಟರ್ನರ್ ಕಲಿತದ್ದು ಮಗನ ಚಿತ್ರದಿಂದ. ಮಗ ಕಲಿತದ್ದು ಗುಂಡಿನ ಸದ್ದಿನ ನಡುವೆ ಅಪ್ಪ ಬರೆದ ಹಾಳೆಗಳಿಂದ.